ಎರಡು ಕುರ್ಚಿ, ನೂರು ಎಕರೆ

ಮನೆಯಲ್ಲಿದ್ದದ್ದು ಮೂರೇ ಕುರ್ಚಿ. ಬರುವ ಕಾಲೇಜು ಕೋಚ್ ಆನೆಯಂಥ ಆಳು ಎಂದು ಮಗ ಸುಬ್ಬು ಹೇಳಿದ್ದ. ಅದಕ್ಕೇ ರಾಮ್ ಪಕ್ಕದ ಬೀದಿಯ ದ್ವಾರಕಾನಾಥರಿಗೆ ಫೋನ್ ಮಾಡಿ ಎರಡು ಕುರ್ಚಿ ಕೇಳಿದ. ಕುರ್ಚಿಗಳ ಹಿಂದೆಯೇ ದ್ವಾರಕಾನಾಥರು ಬಂದರು, ಅವರ ಹೆಂಡತಿ ಅಲಮೇಲು ಬಂದರು, ಧಾರವಾಡದ ಚಂದ್ರಶೇಖರಪ್ಪನವರೂ ಬಂದರು. ೧೯೭೫ರ ಆ ಶನಿವಾರ ಅಮೆರಿಕದ ಓಲ್ಡ್ ಬ್ರಿಡ್ಜ್‌ನ ಕನ್ನಡಿಗರಿಗೆ ಬೇರೆ ಕೆಲಸವಿರಲಿಲ್ಲ.

"ಏನ್ರೀ ರಾಮ್, ಹುಡುಗನ್ನ ನೋಡೋಕೆ ಬರ್ತಾರೆ ಅಂತ ಒಂದು ಮಾತು ಹೇಳಬಾರದಾ?" ಎಂದರು ದ್ವಾರಕಾನಾಥ. "ಇದೂ ಹೆಣ್ಣು ನೋಡೋ ಶಾಸ್ತ್ರ ಇದ್ದಂಗೇ. ಮನೆತನ ಎತ್ತಿ ಹೇಳಬೇಕು. ನೀವು ಸುಮ್ಮನಿರಿ, ನಾನಿದ್ದೀನಿ."

ಅದೇ ರಾಮ್‌ನ ಭಯ.

ಸುಬ್ಬು ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡದ ಕಿಕ್ಕರ್. ಉಳಿದವರು ಹೋರಿಗಳ ಹಾಗೆ ಗುದ್ದಾಡಿ ಬಿದ್ದ ಮೇಲೆ ಬಂದು, ಎರಡು ಕಂಬಗಳ ನಡುವೆ ಚೆಂಡು ಒದ್ದು, ಚಡ್ಡಿಗೆ ಮಣ್ಣು ಹತ್ತದೆ ಹೋಗುವವನು. ಆ ಕಾಲೇಜಿಗೆ ಅವನ ಕಾಲು ಬೇಕಿತ್ತು. ಆದರೆ ಪೂರ್ತಿ ಫೀಸು ಬಿಡುವುದು ಇಲ್ಲದವರ ಮಕ್ಕಳಿಗೆ ಮಾತ್ರ. ರಾಮ್ ಕಾರ್ಖಾನೆಯ ಕೆಲಸ ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು. 'ಆಸ್ತಿ ಇಲ್ಲ' ಎಂದು ಫಾರಂ ತುಂಬಿದ್ದ. ಅದನ್ನು ಕಣ್ಣಾರೆ ಕಂಡು ಹೋಗಲು ಕೋಚ್ ಬರುತ್ತಿದ್ದ. ಇದು ತಪ್ಪಿದರೆ ಸುಬ್ಬುವಿಗೆ ಪೆಟ್ರೋಲ್ ಬಂಕೇ ಕಾಲೇಜು.

ನೆರೆಯವರಿಗೆ ಇದೊಂದೂ ಗೊತ್ತಿರಲಿಲ್ಲ. ಏಳು ವರ್ಷದ ಹಿಂದೆ ಯಾರದೋ ಮನೆಯ ಪೂಜೆಯಲ್ಲಿ "ನೀವು ಯಾವ ಪೈಕಿ?" ಎಂದು ಕೇಳಿದಾಗ ರಾಮ್ ಹೆದರಿ "ಪಟೇಲರ ಮನೆ" ಎಂದಿದ್ದ. ಸಮುದ್ರ ದಾಟಿದರೆ ಜಾತಿ ಹೋಗುತ್ತದೆಂದು ಹಿಂದಿನವರು ಹೆದರುತ್ತಿದ್ದರು. ಅದು ವೀಸಾ ಕೂಡ ಕೇಳದೆ ಇವನಿಗಿಂತ ಮೊದಲೇ ಬಂದು ಕಾಲು ಚಾಚಿ ಕೂತಿತ್ತು.

ನಾಲ್ಕಕ್ಕೆ ಕೋಚ್ ಬಂದ. ಫಾರಂ ತೆರೆಯುವ ಮೊದಲೇ ದ್ವಾರಕಾನಾಥರು ಇಂಗ್ಲಿಷಿನಲ್ಲಿ ಶುರುಮಾಡಿದರು. ಹುಡುಗನ ತಾತ ಪಟೇಲರು, ನೂರು ಎಕರೆ ಗದ್ದೆ.

"ಆನಿನೂ ಇತ್ತಂತ್ರೀ," ಎಂದರು ಚಂದ್ರಶೇಖರಪ್ಪ.

"ಆನೆ ಬೇಡ, ನಂಬೋದಿಲ್ಲ," ಎಂದು ಅಲಮೇಲು ಕನ್ನಡದಲ್ಲಿ ಪಿಸುಗುಟ್ಟಿದರು. "ಎರಡು ಕುದುರೆ ಅನ್ನಿ."

ಕೋಚ್ ಹುಬ್ಬೇರಿಸಿ, "ಹಂಡ್ರೆಡ್ ಏಕರ್ಸ್?" ಎಂದ. ಇಲ್ಲಿ ಫಾರಂನಲ್ಲಿ ಆಸ್ತಿ ಇಲ್ಲ ಅಂತಿದೆಯಲ್ಲ ಎಂದು ರಾಮ್‌ನತ್ತ ತಿರುಗಿದ. ಇನ್ನೊಬ್ಬ ಕಿಕ್ಕರ್ ಇದ್ದಾನೆ, ಗಣಿ ಕಾರ್ಮಿಕನ ಮಗ. ಹೆಸರು ಇವತ್ತೇ ತೀರ್ಮಾನವಾಗಬೇಕು ಎಂದ.

ಸುಬ್ಬು ಅಪ್ಪನ ಮುಖವನ್ನೇ ನೋಡುತ್ತಿದ್ದ. ರಾಮ್ ಎದ್ದು ನಿಂತ. ಏಳು ವರ್ಷ ಬಚ್ಚಿಟ್ಟದ್ದು ಇಂಗ್ಲಿಷಿನಲ್ಲಿ ಹೊರಬಂತು: "ನೂರು ಎಕರೆ ಸುಳ್ಳು ಸರ್. ನಮಗೆ ಅಂಗೈಯಗಲ ನೆಲ ಇಲ್ಲ. ನಮ್ಮಪ್ಪ ಊರಾಚೆ ಕೂತು ಇಂಥವರ ಚಪ್ಪಲಿ ಹೊಲೀತಿದ್ದ. ಊರ ಬಾವಿ ಮುಟ್ಟೋ ಹಾಗಿರಲಿಲ್ಲ. ನನಗೀಗ ಕೆಲಸಾನೂ ಇಲ್ಲ."

ದ್ವಾರಕಾನಾಥರು ಹೊಟ್ಟೆ ಕುಲುಕಿಸಿ ನಕ್ಕರು. "ಹೀ ಈಸ್ ಜೋಕಿಂಗ್! ನಮ್ಮ ಕಡೆ ದೊಡ್ಡ ಜಮೀನ್ದಾರರು ಹೀಗೇ ಮಾತಾಡೋದು. ತುಂಬ ವಿನಯ!" ಚಂದ್ರಶೇಖರಪ್ಪ ನಕ್ಕರು, ಅಲಮೇಲು ಸೆರಗು ಬಾಯಿಗಿಟ್ಟು ನಕ್ಕರು. ಮೂವರು ನಕ್ಕ ಮೇಲೆ ಕೋಚ್ ಕೂಡ ನಕ್ಕ. ಫಾರಂ ಮಡಚಿ ಜೇಬಿಗಿಟ್ಟು, ರಾಮ್‌ನ ಬೆನ್ನು ತಟ್ಟಿ, ಒಳ್ಳೆ ಹಾಸ್ಯಗಾರನಪ್ಪ ನೀನು, ಆದರೆ ಈ ಹಣ ನಿಜವಾಗಿ ಇಲ್ಲದವರಿಗೆ ಎಂದು ಹೇಳಿ ಕಾರು ಹತ್ತಿದ.

ಬಾಗಿಲು ಮುಚ್ಚಿತು. ನಗುವೂ ನಿಂತಿತು.

ರಾಮ್‌ನ ಹೆಂಡತಿ ಶೈಲಮ್ಮ ಒಳಗಿನಿಂದ ಬಿಸಿ ಉಪ್ಪಿಟ್ಟು ತಂದು ಎಲ್ಲರ ಮುಂದಿಟ್ಟಳು.

"ಅಯ್ಯೋ, ಇವತ್ತು ಶನಿವಾರ ಅಲ್ವಾ," ಎಂದರು ದ್ವಾರಕಾನಾಥ, ತಟ್ಟೆ ನೋಡದೆ. "ನಂದು ಒಪ್ಪತ್ತು."

"ನಂದೂ," ಎಂದರು ಅಲಮೇಲು.

"ನನಗೂ ಹೊಟ್ಟಿ ಸರಿ ಇಲ್ರೀ," ಎಂದು ಚಂದ್ರಶೇಖರಪ್ಪ ಬೂಟು ಹುಡುಕಿದರು.

ಒಪ್ಪತ್ತಿನವರು ತಿನ್ನುವುದೇ ಉಪ್ಪಿಟ್ಟು ಎಂದು ಯಾರೂ ಯಾರಿಗೂ ನೆನಪಿಸಲಿಲ್ಲ. ಎರಡು ನಿಮಿಷದಲ್ಲಿ ಮನೆ ಖಾಲಿ.

ಸುಬ್ಬು ಮೆಲ್ಲಗೆ, "ಡ್ಯಾಡ್, ದೆ ಆಲ್ ಥಾಟ್ ಯು ವರ್ ಜೋಕಿಂಗ್," ಎಂದ.

ರಾಮ್ ಮುಟ್ಟದ ತಟ್ಟೆಗಳನ್ನು ಒಂದೊಂದಾಗಿ ಪಾತ್ರೆಗೆ ಸುರಿಯುತ್ತಿದ್ದ.

"ಎಲ್ಲರೂ ಅಲ್ಲ ಕಣೋ," ಎಂದ. "ಕೋಚ್ ಒಬ್ಬನೇ."