ಬಸ್ ಸ್ಟಾಪಿನಲ್ಲಿ ನಗುತ್ತಿರುವ ನನ್ನ ಫ್ಲೆಕ್ಸಿಗೆ

ಮಾನ್ಯ ಫ್ಲೆಕ್ಸ್‌ರವರ ಸನ್ನಿಧಾನಕ್ಕೆ,

ಜಡಿಗೇನಹಳ್ಳಿ ಬಸ್ ಸ್ಟಾಪಿನ ಕರೆಂಟ್ ಕಂಬಕ್ಕೆ ಬೆನ್ನು ಕೊಟ್ಟು, ಮೇ ತಿಂಗಳಿಂದ ಬಿಸಿಲು ಮಳೆ ಎನ್ನದೆ ನಗುತ್ತಲೇ ಇರುವ ತಮಗೆ, ತಮ್ಮಲ್ಲಿ ಅಚ್ಚಾಗಿರುವ ಹುಡುಗಿಯ ಅಸಲು ಪ್ರತಿಯಾದ ಕೆ. ರಂಜಿತ ಮಾಡುವ ನಮಸ್ಕಾರಗಳು. ದಿನಾ ಎದುರಾದರೂ ಇದುವರೆಗೆ ಮಾತಾಡಿಸಿರಲಿಲ್ಲ. ದೊಡ್ಡವರ ಹತ್ತಿರ ಸಲಿಗೆ ಬೇಡವೆಂದು ಸುಮ್ಮನಿದ್ದೆ.

ಹತ್ತನೇ ತರಗತಿಯಲ್ಲಿ ನನಗೆ 625ಕ್ಕೆ 622 ಬಂದ ವಾರವೇ, ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕೆಂದಿರುವ ಪಿಳ್ಳಣ್ಣನವರು ತಮ್ಮನ್ನು ಕಟ್ಟಿಸಿದರು. ಶುಭ ಕೋರುವವರಾಗಿ ಅವರು ಬಾಗಿಲಗಲ ಕೈಮುಗಿದು ನಿಂತಿದ್ದಾರೆ, ನಾನು ಮೂಲೆಯಲ್ಲಿ ತಟ್ಟೆಯಗಲ ಇದ್ದೇನೆ. 'ನಮ್ಮೂರ ಹೆಮ್ಮೆ' ಎಂಬ ಅಕ್ಷರಗಳು ಅವರ ತಲೆಯ ಮೇಲೇ ಬಂದಿವೆ. ತಾವು ನನ್ನನ್ನು ಎಷ್ಟು ಬೆಳ್ಳಗೆ ಮಾಡಿದ್ದೀರೆಂದರೆ, ನಮ್ಮಜ್ಜಿ ಸಪ್ಪಲಮ್ಮ ಮೊದಲ ದಿನ ಇದು ಯಾರ ಮನೆ ಹುಡುಗಿಯೆಂದು ನನ್ನನ್ನೇ ಕೇಳಿದಳು.

ತಮ್ಮ ಸಮಾಜಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಪಕ್ಕದ ಮನೆಯ ಭಾಗ್ಯಮ್ಮ ಮಗನನ್ನು ಕಿವಿ ಹಿಡಿದು ತಂದು ತಮ್ಮ ದರ್ಶನ ಮಾಡಿಸುತ್ತಾರೆ. ಅವನು ನನ್ನನ್ನು ಕಂಡರೆ ಹಲ್ಲು ಕಡಿಯುತ್ತಾನೆ. ಬಸ್ಸಿನಲ್ಲಿ ಕಂಡವರೆಲ್ಲ ಉಳಿದ ಮೂರು ಅಂಕ ಎಲ್ಲಿ ಹೋಯಿತೆಂದು, ನಾನೇ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದೇನೋ ಎಂಬಂತೆ ವಿಚಾರಿಸುತ್ತಾರೆ. ಆದ್ದರಿಂದ ನಾನೀಗ ದುಪಟ್ಟ ಮುಖಕ್ಕೆ ಸುತ್ತಿಕೊಂಡು, ಒಂದು ಸ್ಟಾಪ್ ಹಿಂದೆಯೇ ಇಳಿದು, ನಡೆದು ಮನೆ ಸೇರುತ್ತೇನೆ.

ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಹೊಸಕೋಟೆಯಲ್ಲಿ ಪಿಯುಸಿ ಸೈನ್ಸ್ ಸೇರಿ, ಇಂಗ್ಲಿಷಿನ ಫಿಸಿಕ್ಸ್ ತಲೆಗೆ ಹತ್ತದೆ, ಮೊದಲ ಟೆಸ್ಟಿನಲ್ಲಿ ಮೂವತ್ತೈದಕ್ಕೆ ಒಂಬತ್ತು ತೆಗೆದಿದ್ದೇನೆ. ಮನೆಯಲ್ಲಿ ಹೇಳಿಲ್ಲ, ಅಪ್ಪನ ಮೊಬೈಲ್ ತೆರೆದರೆ ಮೊದಲು ಕಾಣುವುದು ತಮ್ಮ ಫೋಟೊ. ಧೈರ್ಯ ಮಾಡಿ ತರಗತಿಯಲ್ಲಿ ಡೌಟ್ ಕೇಳಿದೆ. ತಮ್ಮನ್ನು ದಿನಾ ನೋಡಿಕೊಂಡು ಬರುವ ಶ್ರೀಧರ್ ಸರ್, "ನಿನಗೇ ಅರ್ಥವಾಗಲಿಲ್ಲ ಅಂದ್ರೆ ಉಳಿದವರ ಗತಿ ಏನಮ್ಮಾ?" ಎಂದು ನಕ್ಕು ಪುಟ ಮಗುಚಿದರು. ನಾನೂ ತಮ್ಮ ಹಾಗೆಯೇ ನಕ್ಕೆ. ಆಮೇಲೆ ಬಸ್ಸಿನಲ್ಲಿ ಅತ್ತೆ.

ಅಂದಿನಿಂದ ಒಂದು ದಾರಿ ಕಂಡುಕೊಂಡೆ. ಡೌಟನ್ನು ಚೀಟಿಯಲ್ಲಿ ಬರೆದು ಕೊನೆಯ ಬೆಂಚಿನ ಪದ್ಮಶ್ರೀಗೆ ದಾಟಿಸುತ್ತೇನೆ. ಯಾವ ಕಂಬದ ಮೇಲೂ ಇಲ್ಲದ ಪುಣ್ಯವಂತೆ ಅವಳು, ನಿರಾತಂಕವಾಗಿ ಎದ್ದು ಕೇಳುತ್ತಾಳೆ, ಸರ್ ಸಂತೋಷದಿಂದ ವಿವರಿಸುತ್ತಾರೆ. ಇದು ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಕೊನೆಗೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳುವವಳು ಕಾಲೇಜಿನಲ್ಲೇ ಇಲ್ಲವೆಂದು ಸರ್ ಅವಳನ್ನು ಮೊದಲ ಬೆಂಚಿಗೆ ಕರೆತಂದು ಕೂರಿಸಿದರು. ಮೊನ್ನೆ ಚೀಟಿ ಕೊಟ್ಟರೆ ಹಾಗೇ ಮಡಚಿ ನನ್ನ ಕೈಗಿಟ್ಟಳು: "ನಾನ್ ಕೇಳಿದ್ರೆ ಸರ್ ಏನಂದ್ಕೋತಾರೆ, ನೀನೇ ಕೇಳೇ."

ಆದಕಾರಣ ತಮ್ಮಲ್ಲಿ ವಿನಂತಿ. ನನ್ನ ಬುದ್ಧಿಯೆಲ್ಲ ತಮ್ಮಲ್ಲೇ ಉಳಿದಿರುವುದರಿಂದ ಮುಂದಿನ ತಿಂಗಳ ಪರೀಕ್ಷೆಗೆ ತಾವೇ ಕಂಬದಿಂದಿಳಿದು ಹೋಗಿ ಬರೆಯಬೇಕು. ಅದಾಗದಿದ್ದರೆ 622ರ ಪಕ್ಕದಲ್ಲಿ ಆ ಒಂಬತ್ತನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಪ್ರಕಟಿಸಬೇಕು. ಅದೂ ಆಗದಿದ್ದರೆ, ಕೊನೇಪಕ್ಷ ನಾನು ಹಾದುಹೋಗುವಾಗಲಾದರೂ ನಗುವುದನ್ನು ನಿಲ್ಲಿಸಬೇಕು.

ತಮ್ಮ ವಿಶ್ವಾಸಿ,
ಬಣ್ಣ ಹಚ್ಚದ ಕೆ. ರಂಜಿತ

ತಾ.ಕ.: ಉತ್ತರ ಬಾರದ ಕಾರಣ ನಿನ್ನೆ ನಾನೇ ಎದ್ದು ಕೇಳಿದೆ. ಸರ್ ನಕ್ಕರು, ಕೂರದೆ ಇನ್ನೊಮ್ಮೆ ಕೇಳಿದೆ. ಸರ್ ಬೋರ್ಡ್ ಒರೆಸಿ ಮೊದಲಿನಿಂದ ಹೇಳಿಕೊಟ್ಟರು. ತಿರುಗಿ ನೋಡಿದರೆ ಪದ್ಮಶ್ರೀಯೂ ಸೇರಿ ಇಡೀ ತರಗತಿ ಬರೆದುಕೊಳ್ಳುತ್ತಿತ್ತು. ಸಂಜೆ ಅಪ್ಪನಿಗೆ ಆ ಒಂಬತ್ತರ ವಿಷಯವನ್ನೂ ಹೇಳಿಬಿಟ್ಟೆ. ಅಪ್ಪ ಕುಡುಗೋಲು ತೆಗೆದುಕೊಂಡು ಬಸ್ ಸ್ಟಾಪಿಗೆ ಹೋಗಿ, ತಮ್ಮನ್ನು ಸುರುಳಿ ಸುತ್ತಿ ತಂದರು. ಅಜ್ಜಿ ತಮ್ಮನ್ನು ಸೋರುತ್ತಿದ್ದ ಕೊಟ್ಟಿಗೆಗೆ ಮುಖ ಕೆಳಗೆ ಮಾಡಿ ಹೊದಿಸಿದ್ದಾಳೆ. ಪಿಳ್ಳಣ್ಣನವರು ಈಗ ನಮ್ಮ ಹಸುವಿಗೆ ಕೈಮುಗಿಯುತ್ತಿದ್ದಾರೆ. ಹಸುವೂ ದಿನವಿಡೀ ತಮ್ಮನ್ನೇ ನೋಡುತ್ತಿದೆ. ಉಳಿದ ಮೂರು ಅಂಕ ಎಲ್ಲಿ ಹೋಯಿತೆಂದು ಮಾತ್ರ ಇನ್ನೂ ಕೇಳಿಲ್ಲ.