ಮಡಿಯಲ್ಲಿ ಬೆಳೆದ ಕುಂಚಿಗೆ

ಇಳಕಲ್ಲಿನ ಬ್ಯಾಂಕಿನಲ್ಲಿ ಊಟದ ಹೊತ್ತು. ಪ್ರಾಚಿ ಡಬ್ಬಿ ಬಿಚ್ಚಿ ಚಪಾತಿ ಮುರಿಯುವಷ್ಟರಲ್ಲಿ ಅಣ್ಣ ವ್ಯಾಸರಾಜನ ಫೋನು ಬಂತು. ಮಗಳನ್ನು ತೊಟ್ಟಿಲಿಗೆ ಹಾಕುವುದು ಮುಂದಿನ ತಿಂಗಳ ಮೊದಲ ಭಾನುವಾರ, ಬಾದಾಮಿಯಲ್ಲಿ, ಅವನ ಹೆಂಡತಿಯ ತವರಿನಲ್ಲಿ. ಸೋದರತ್ತೆ ಕೂಸಿನ ತಲೆಗೆ ಕುಂಚಿಗೆ ತೊಡಿಸಿ ಕಿವಿಯಲ್ಲಿ ಹೆಸರು ಹೇಳಬೇಕು. ಆ ಸೋದರತ್ತೆ ಪ್ರಾಚಿಯೇ.

"ಅಂಗಡೀದು ತರೂದಿಲ್ಲ! ನಾನ ಕೈಯಾರೆ ಹೆಣೀತೇನಿ. ಎಲ್ಲಾರಿಗೂ ಹೇಳಿಬಿಡು!"

ವ್ಯಾಸರಾಜ ಹೇಳಿಯೇಬಿಟ್ಟ. ಸಂಜೆಯೊಳಗೆ ಬೀಗರೆಲ್ಲ ವಾಟ್ಸಾಪಿನಲ್ಲಿ ಕೈಮುಗಿದಿದ್ದರು. ಇನ್ನು ಹಿಂದೆ ಸರಿದರೆ ತವರಿನ ಮಾನವೇ ಹೋದಂತೆ!

"ನಮ್ಮ ಕಡೆ ಚಳಿ ಮೂರು ದಿನಾ ಬಂದು ಹೋಗ್ತದ. ನೀ ಹೆಣದು ಮುಗಸೂದ್ರಾಗ ಬ್ಯಾಸಗಿ ಬರ್ತದ ನೋಡವಾ," ಎಂದಳು ಪಕ್ಕದ ಕೌಂಟರಿನ ಕಸ್ತೂರಿ.

ಪ್ರಾಚಿ ಹೆಣಿಗೆ ಕಲಿತದ್ದು ಸಾಲೆಯಲ್ಲಿ. ಆಗ ಶುರು ಮಾಡಿದ್ದ ಮಫ್ಲರು ಗೇಣುದ್ದಕ್ಕೇ ನಿಂತಿತ್ತು. ಈಗ ಇಪ್ಪತ್ತೇಳರ ವಯಸ್ಸಿನಲ್ಲಿ ಕಡ್ಡಿ ಹಿಡಿದರೆ ಬೆರಳಿಗೆ ಎಲ್ಲ ನೆನಪಾಯಿತು. ನೆನಪಾಗದ್ದು ತಪ್ಪು ತಿದ್ದುವ ವಿದ್ಯೆಯೊಂದೇ. ಕುಣಿಕೆ ಜಾರಿದಲ್ಲಿ ಕಣ್ಣು ಮುಚ್ಚಿ ಮುಂದೆ ನಡೆದಳು.

ಅಷ್ಟರಲ್ಲಿ ಒಂದು ಪವಾಡ ಕಂಡಿತು. ಸಂಜೆ ಕೈಗೆತ್ತಿಕೊಂಡಾಗಲೆಲ್ಲ ಹೆಣಿಗೆ ಹಿಂದಿನ ದಿನ ಬಿಟ್ಟದ್ದಕ್ಕಿಂತ ಮುಂದೆ ಹೋಗಿರುತ್ತಿತ್ತು. ಜಾರಿದ ಕುಣಿಕೆಗಳೂ ಮಾಯ!

"ಸಂಕೇತ, ನನ್ನ ಕೈ ಮಶೀನ್ ಆಗ್ಯಾವ. ಎಷ್ಟು ಹೆಣದೆ ಅಂತ ನನಗ ಗೊತ್ತಾಗವಲ್ದು!"

"ಮಶೀನಿಗೂ ಗೊತ್ತಾಗೂದಿಲ್ಲ," ಎಂದ ಗಂಡ, ಮೊಬೈಲಿನಿಂದ ತಲೆ ಎತ್ತದೆ.

ಅಗಲ ಹೆಚ್ಚಾಯಿತೆಂದು ಪ್ರಾಚಿ ಸಾಲಿನ ಕುಣಿಕೆಗಳ ಸಂಖ್ಯೆ ಇಳಿಸುತ್ತ ಬಂದಳು. ಮರುದಿನ ನೋಡಿದರೆ ಅಗಲ ಇನ್ನಷ್ಟು! ಇಳಿಸಿದಷ್ಟೂ ಅದು ಹಿಗ್ಗಿತು. ತೊಟ್ಟಿಲ ಶಾಸ್ತ್ರಕ್ಕೆ ನಾಲ್ಕೇ ದಿನ ಉಳಿದಾಗ ಅದು ತಲೆದಿಂಬಿನ ಗವಸಿನಷ್ಟಾಗಿತ್ತು.

ಆ ಬೆಳಿಗ್ಗೆ ಕನ್ನಡಕ ಮರೆತು ಅರ್ಧದಾರಿಯಿಂದ ಮನೆಗೆ ಬಂದವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟಳು. ಒಲೆಯ ಮೇಲೆ ಕುಕ್ಕರು. ಅದರ ಮುಂದೆ ಮಡಿಸೀರೆಯುಟ್ಟ ಅತ್ತೆ ರುಕ್ಮಿಣೀಬಾಯಿ. ಅವರ ಕೈಯಲ್ಲಿ ಕುಂಚಿಗೆ!

"ಅತ್ಯಾರ! ಅದು ನಂದು!"

"ಒಳಗ ಬರಬ್ಯಾಡ! ಮಡೀಲೇ ಇದ್ದೇನಿ!"

"ಹಂಗಾರ ನಾ ಮುಟ್ಟಿದ್ದನ್ನ ನೀವು ಹೆಂಗ ಮುಟ್ಟೀರಿ?"

"ಉಣ್ಣಿಗೆ ಮೈಲಿಗಿ ಎಲ್ಲಿಂದ ಬಂತು? ಬ್ಯಾಳಿ ಬೇಯೂತನಕ ಕೈ ಖಾಲಿ ಇರ್ತಾವ. ನೀ ಬಿಟ್ಟ ತೂತು ನೋಡಿ ಸುಮ್ನ ಕೂಡ್ಲಿಕ್ಕೆ ಆಗಲಿಲ್ಲ."

"ನಾ ಸಣ್ಣದು ಮಾಡ್ಲಿಕ್ಕೆ ಹತ್ತಿದ್ದೆ!"

"ನಾ ಕೂಸಿನ ಕಿವಿ ಮುಚ್ಚಲಿ ಅಂತ ದೊಡ್ಡದು ಮಾಡ್ಲಿಕ್ಕೆ ಹತ್ತಿದ್ದೆ!"

ಮೂವತ್ತು ವರ್ಷ ಸಾಲೆಯಲ್ಲಿ ಗಣಿತ ಕಲಿಸಿದ ಅತ್ತೆಯ ಲೆಕ್ಕ ಅದು. ಆಚೆಗೆ ಒಬ್ಬರು, ಈಚೆಗೆ ಒಬ್ಬರು, ನಡುವೆ ಹೊಸ್ತಿಲು. ಗದ್ದಲ ಕೇಳಿ ಬಂದ ಸಂಕೇತ ಬುಟ್ಟಿಯಲ್ಲಿದ್ದ ಉಂಡೆಯ ಸುತ್ತುಕಾಗದ ಎತ್ತಿ ಓದಿದ.

"ಅವ್ವಾ, ಇದು ಉಣ್ಣಿ ಅಲ್ಲ. ಅಕ್ರಿಲಿಕ್ ಅಂತ ಬರದದ."

"ಹಂಗಂದ್ರ?"

"ಪ್ಲಾಸ್ಟಿಕ್ ಜಾತೀದು."

ಕುಕ್ಕರು ಸೀಟಿ ಹೊಡೆಯಿತು. ಉಣ್ಣೆಯಲ್ಲವೆಂದರೆ ಇಷ್ಟು ದಿನದ ಮಡಿ, ಇಷ್ಟು ದಿನದ ನೈವೇದ್ಯ ಎಲ್ಲ ಮೈಲಿಗೆ! ಅಂಗಡಿಯಲ್ಲಿ ಬಣ್ಣ ನೋಡಿ ಉಂಡೆ ಆರಿಸಿದವಳು ಪ್ರಾಚಿಯೇ ತಾನೆ!

ರುಕ್ಮಿಣೀಬಾಯಿ ದೇವರ ಕೋಣೆಯತ್ತ ಒಮ್ಮೆ ನೋಡಿದರು.

"ಅಂವಾ ಇಷ್ಟು ದಿನಾ ಸುಮ್ನ ಉಂಡಾನ. ಇವತ್ತ ಮತ್ತೊಮ್ಮೆ ಸ್ನಾನ ಮಾಡಿ ಅಡಗಿ ಮಾಡ್ತೇನಿ. ಈಗಂತೂ ಮಡಿ ಹೋತು. ಬಾ ಒಳಗ, ಈ ತುದಿ ಹಿಡಿ. ಬಿಚ್ಚೂಣು!"

ಪ್ರಾಚಿ ಬ್ಯಾಂಕಿಗೆ ಫೋನು ಮಾಡಿ ರಜೆ ಹಾಕಿದಳು. ಬಿಚ್ಚುವಾಗಲೇ ಅವಳಿಗೆ ಅತ್ತೆಯ ಕೈ ಎಂಥದೆಂದು ತಿಳಿದದ್ದು. ಅವರ ಸಾಲುಗಳು ಮಗ್ಗದಿಂದ ಇಳಿದಂತೆ ಸಮನಾಗಿದ್ದವು; ಬಿಚ್ಚಲು ಜೀವ ಒಲ್ಲದು.

"ಇದನ್ನ ಯಾವಾಗ ಕಲತ್ರಿ ಅತ್ಯಾರ?"

"ಸಂಕೇತ ಹೊಟ್ಯಾಗ ಇದ್ದಾಗ. ಆಮ್ಯಾಲೆ ಪುರಸೊತ್ತು ಎಲ್ಲಿತ್ತವಾ?"

ರುಕ್ಮಿಣೀಬಾಯಿ ಕೂಸಿನ ತಲೆಯ ಅಳತೆಯನ್ನು ಬಾದಾಮಿಯಿಂದ ಫೋನಿನಲ್ಲೇ ತರಿಸಿಕೊಂಡು ಹೊಸದಾಗಿ ಹೆಣೆಯಲು ಕುಳಿತರು. "ನನ್ನ ಮಾತು ಉಳೀಬೇಕ್ರಿ," ಎಂದು ಪ್ರಾಚಿ ಗೋಗರೆದದ್ದಕ್ಕೆ ಅಂಚು ಮಾತ್ರ ಅವಳ ಪಾಲಿಗೆ ಬಂತು.

ಬಾದಾಮಿಯಲ್ಲಿ ಕುಂಚಿಗೆ ಕೂಸಿಗೆ ಹೇಳಿ ಮಾಡಿಸಿದಂತೆ ಕೂತಿತು. ಪ್ರಾಚಿ ಕಿವಿಯಲ್ಲಿ "ಪದ್ಮಜಾ" ಎಂದಳು. ಕೂಸಿನ ತಾಯಿಯ ಕಡೆಯ ಅಜ್ಜಿ ಕುಂಚಿಗೆಯನ್ನು ಸವರಿ, "ಖರೇನ ನೀನ ಹೆಣದೇನವಾ?" ಎಂದರು.

ಪ್ರಾಚಿ ಬಾಯಿ ತೆರೆಯುವ ಮೊದಲೇ ರುಕ್ಮಿಣೀಬಾಯಿ, "ಹೌದ್ರಿ, ನಮ್ಮ ಪ್ರಾಚಿನೇ ಹೆಣದಾಳ," ಎಂದುಬಿಟ್ಟರು.

ಅಜ್ಜಿ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. "ಭಾಳ ಚಂದ ಆಗೇದ. ಈ ಅಂಚಿನ್ಯಾಗ ಅಷ್ಟ ಯಾರೋ ಸಣ್ಣ ಹುಡುಗರು ಕೈ ಆಡಿಸ್ಯಾರ ನೋಡು!"

"ಆ ಅಂಚು ಅಷ್ಟ ನಂದ್ರಿ," ಎಂದಳು ಪ್ರಾಚಿ. "ಉಳದದ್ದೆಲ್ಲಾ ಅತ್ಯಾರದು."

ಮನೆಮಂದಿಯ ನಗು ಕೇಳಿ ಕೂಸು ಅಳತೊಡಗಿತು. ಮರುವಾರ ಪ್ರಾಚಿ ಬಾಗಲಕೋಟೆಗೆ ಹೋಗಿ, ಅಂಗಡಿಯವನ ಎದುರೇ ಒಂದೆಳೆ ಸುಟ್ಟು, ಕೂದಲು ಸುಟ್ಟ ವಾಸನೆ ಬಂತೆಂದು ಖಾತ್ರಿ ಮಾಡಿಕೊಂಡು ಅಪ್ಪಟ ಉಣ್ಣೆ ತಂದಳು. ಈಗ ಬೇಳೆ ಬೇಯುವ ಹೊತ್ತಿನಲ್ಲಿ ರುಕ್ಮಿಣೀಬಾಯಿ ಶಾಲು ಹೆಣೆಯುತ್ತಾರೆ. ಪ್ರಾಚಿ ಸಂಜೆ ಉಂಡೆ ಸುತ್ತಿಕೊಡುತ್ತಾಳೆ.