ಬೆಲ್ಲ-ನೀರಿನ ಪೆಟ್ಟಿಗೆ

ಬೆಳಗ್ಗೆ ಒಂಬತ್ತಕ್ಕೆ ಮುರಿಗೆಪ್ಪ ಅಡುಗೆಮನೆಯ ಗೂಡಿನಿಂದ ಬೆಲ್ಲದ ಡಬ್ಬಿ ಇಳಿಸಿ, ಆ ಜಾಗದಲ್ಲಿ ತಾನೇ ಜೋಡಿಸಿದ ಹೊಸ ಕರೆಂಟ್ ಪೆಟ್ಟಿಗೆ ಇಟ್ಟು, ಅದಕ್ಕೊಂದು ಸೇವಂತಿಗೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡ. ಹೆಂಡತಿ ನಿಂಬೆವ್ವ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಐ.ಟಿ.ಐ.ಯಲ್ಲಿ ಮೂವತ್ತು ವರ್ಷ ವಯರಿಂಗ್ ಕಲಿಸಿ ನಿವೃತ್ತನಾದ ಮೇಲೆ, ಗಂಡ ಹೀಗೆ ಗಂಟಲು ಸರಿಮಾಡಿಕೊಂಡಾಗಲೆಲ್ಲ ಮನೆಯಲ್ಲಿ ಏನಾದರೊಂದು ಸುಟ್ಟಿತ್ತು!

"ರೀ, ಇವತ್ತೊಂದಿನ ಬ್ಯಾಡ್ರಿ. ಹನ್ನೊಂದಕ್ಕ ವಾರ್ಡನ್ ಮೇಡಂ ಬರ್ತಾರ."

ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ದಿನಕ್ಕೆ ನಾನೂರು ರೊಟ್ಟಿ, ಜೊತೆಗೆ ಶೇಂಗಾ ಚಟ್ನಿಪುಡಿ. ರುಚಿ ನೋಡಿ ಮೇಡಂ ಹೂಂ ಅಂದರೆ ವರ್ಷವಿಡೀ ಕೆಲಸ. ಊಹೂಂ ಅಂದರೆ ನಿಂಬೆವ್ವ ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದ ರೊಟ್ಟಿ ಅಂಗಡಿಗೆ ಬೀಗ. ರಾತ್ರಿಯೆಲ್ಲ ಆಕೆಗೆ ಅದೇ ಚಿಂತೆ.

"ಅದಕ್ಕs ಇವತ್ತು! ಇದರ ಹೊಟ್ಯಾಗ ಒಂದು ತಿರುಳು ಐತಿ, ಕರ್ನಲ್ ಅಂತಾರ. ಮನಿ ಕರೆಂಟೆಲ್ಲಾ ಇದರ ಕೈಯಾಗ. ಕೆಲಸ ಇದ್ದವರು ಏಳಬೇಕು, ಇಲ್ಲದವರು ಮಲಗಬೇಕು. ಮಿಕ್ಸರಿಗೊಬ್ಬ ಡ್ರೈವರ್, ಫ್ಯಾನಿಗೊಬ್ಬ, ರೊಟ್ಟಿ ಯಂತ್ರಕ್ಕೊಬ್ಬ!"

"ಅಯ್ಯ ಶಿವನ! ಮೂರು ಮಂದಿ! ಊಟಕ್ಕೂ ಇರ್ತಾರೇನ್ರೀ?"

"ಮಂದಿ ಅಲ್ಲಲೇ! ಯಂತ್ರದ ಜೋಡಿ ಹ್ಯಾಂಗ ಮಾತಾಡಬೇಕು ಅಂತ ಬರದಿಟ್ಟಿದ್ದು!"

ಬರೆದಿಟ್ಟದ್ದು ಯಂತ್ರವನ್ನು ಹೇಗೆ ಓಡಿಸುತ್ತದೆ ಎಂದು ನಿಂಬೆವ್ವ ಕೇಳುವಷ್ಟರಲ್ಲಿ ಮುರಿಗೆಪ್ಪ ಗುಂಡಿ ಒತ್ತಿದ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಪೆಟ್ಟಿಗೆ ಫೌಜದಾರನ ದನಿಯಲ್ಲಿ ಗದರಿತು.

"ಮಿಕ್ಸರ್ ಇದ್ದಲ್ಲಿ ಇರಾಂವ ಯಾರು? ಹೆಸರು ಹೇಳು!"

ಮಿಕ್ಸರ್ ಮಾತಾಡಲಿಲ್ಲ. ರೊಟ್ಟಿ ಯಂತ್ರವನ್ನು ಕೇಳಿತು, ಅದೂ ಮಾತಾಡಲಿಲ್ಲ. ಮೂರು ಸಲ ಗದರಿ, ಪೆಟ್ಟಿಗೆ "ಈ ಮನ್ಯಾಗ ಯಾರೂ ಇಲ್ಲ" ಎಂದು ಸುಮ್ಮನಾಯಿತು.

"ಯಾರೂ ಇಲ್ಲಂದ್ರ? ನಾವೇನು ದೆವ್ವ ಏನ್ರೀ?" ನಿಂಬೆವ್ವ ರೇಗಿದಳು.

ಮುರಿಗೆಪ್ಪ ತಲೆ ಕೆರೆದುಕೊಂಡ. "ಹೆಸರು ಹೇಳಿದ ಮ್ಯಾಲೆ ಕರೆಂಟ್ ಕೊಡು ಅಂದೀನಿ. ಕರೆಂಟ್ ಇಲ್ಲದ ಅವು ಮಲಗ್ಯಾವ. ಮಲಗಿದವು ಹೆಸರು ಹ್ಯಾಂಗ ಹೇಳ್ತಾವ?"

"ಮನಿಗೆ ಬಂದವರಿಗೆ ಮೊದಲ ಬೆಲ್ಲ-ನೀರು ಕೊಡ್ತಾರೋ, ನೀ ಯಾರು ಅಂತ ಗದರಿಸ್ತಾರೋ? ಬಾಯಿ ಒಣಗಿದವರು ಏನ್ ಮಾತಾಡ್ತಾರ್ರೀ!"

ಮುರಿಗೆಪ್ಪ ಕುಣಿದಾಡಿಬಿಟ್ಟ! ಮೊದಲು ಕರೆಂಟು, ಆಮೇಲೆ ವಿಚಾರಣೆ ಎಂದು ಪೆಟ್ಟಿಗೆಗೆ ಜೋಡಿಸಿದ್ದ ಕೀಲಿಮಣೆಯಲ್ಲಿ ತಿದ್ದಿ ಬರೆದ. ಈಗ ಪೆಟ್ಟಿಗೆ ಮೆತ್ತಗೆ "ಬರ್ರಿ, ನೀರು ತಗೊಳ್ರಿ, ಯಾರ ಪೈಕಿ?" ಎಂದಿತು. ಮಿಕ್ಸರ್ ಗುರ್ರ್ ಎಂದು ಪರಿಚಯ ಹೇಳಿಕೊಂಡಿತು. ಶೇಂಗಾ ಎರಡು ಸುತ್ತು ತಿರುಗಿದ್ದೇ ತಡ, "ಪರಿಚಯ ಆತು, ಹೋಗಿಬರ್ರಿ" ಎಂದು ಪೆಟ್ಟಿಗೆ ಕರೆಂಟ್ ಕಿತ್ತುಕೊಂಡಿತು.

"ನೀರು ಕುಡಿದ ಕೂಡ್ಲೇ ಎಬ್ಬಿಸಿ ಕಳಸೋದು ಯಾವ ಸೀಮಿ ಮನೆತನ? ಇರ್ರಿ, ಊಟ ಮಾಡಿಕೊಂಡು ಹೋಗ್ರಿ ಅನ್ನಬೇಕು!"

ಅದನ್ನೂ ಮುರಿಗೆಪ್ಪ ಅಕ್ಷರಶಃ ಬರೆದ. ಗಂಡ ತನ್ನ ಮಾತು ಕೇಳಿದ್ದು ಮದುವೆಯಾದಾಗಿನಿಂದ ಇವತ್ತೇ ಮೊದಲು ಎಂದು ನಿಂಬೆವ್ವ ಹಿಗ್ಗಿದಳು. ಹಿಗ್ಗು ಹತ್ತು ನಿಮಿಷ ಬಾಳಿತು.

ಚಟ್ನಿಪುಡಿ ಹದಕ್ಕೆ ಬಂತೆಂದು ಆಕೆ ಮಿಕ್ಸರಿನ ಗುಂಡಿ ತಿರುವಿದಳು.

"ಇರ್ರಿ ಇರ್ರಿ! ಇಷ್ಟು ಲಗೂ ಎಲ್ಲಿ ಹೊಂಟ್ರಿ?" ಎಂದಿತು ಪೆಟ್ಟಿಗೆ. ಮಿಕ್ಸರ್ ನಿಲ್ಲಲಿಲ್ಲ. ಮತ್ತೆ ತಿರುವಿದಳು, "ಊಟ ಮಾಡಿಕೊಂಡs ಹೋಗ್ರಿ!" ಪುಡಿ ಮುದ್ದೆಯಾಯಿತು, ಮುದ್ದೆ ಬೆಣ್ಣೆಯಾಯಿತು. ಅತ್ತ ರೊಟ್ಟಿ ಯಂತ್ರವೂ ಗುಂಡಿಗೆ ಜಗ್ಗದೆ ದಬದಬ ರೊಟ್ಟಿ ಉದುರಿಸುತ್ತಿತ್ತು. ಹಿಟ್ಟು ಹಾಕದಿದ್ದರೆ ಬಾಯಿ ತೆರೆದು ಕಿರುಚುತ್ತಿತ್ತು, ಪಾಪ ಅನ್ನಿಸಿ ನಿಂಬೆವ್ವ ಹಾಕುತ್ತಲೇ ಇದ್ದಳು.

"ಪ್ಲಗ್ ಕೀಳ್ರೀ!"

"ಪ್ಲಗ್ ಎಲ್ಲೈತಿ? ನಿನ್ನೆನೇ ಎಲ್ಲಾ ವಯರು ಪೆಟಗಿಗೇ ಸೇರಿಸೀನಿ!"

"ಮೇನ್ ತಗೀರಿ!"

"ಇನ್ವರ್ಟರೂ ಅದರ ಕೈಯಾಗೈತಿ!"

ಹೊರಗೆ ಹಾರ್ನ್ ಕೇಳಿಸಿತು. ವಾರ್ಡನ್ ಹಂಚಿನಾಳ ಮೇಡಂ ಬ್ಯಾಟರಿ ಸ್ಕೂಟರಿನಲ್ಲಿ ಬಂದಿದ್ದರು. "ಅಪ್ಪಾರ, ಸ್ವಲ್ಪ ಚಾರ್ಜಿಗೆ ಹಾಕ್ಕೊಳ್ಲೇನ್ರಿ?" ಎಂದರು. ಗಾಬರಿಯಲ್ಲಿದ್ದ ಮುರಿಗೆಪ್ಪ ಕೈಗೆ ಸಿಕ್ಕ ವಯರನ್ನು ಸ್ಕೂಟರಿಗೆ ಚುಚ್ಚಿದ. ಅದೂ ಪೆಟ್ಟಿಗೆಯದೇ!

ಮೇಡಂ ಒಳಗೆ ಬಂದು ರೊಟ್ಟಿಯ ಗುಡ್ಡ ನೋಡಿದರು, ಜಿಡ್ಡುಗಟ್ಟಿದ ಚಟ್ನಿ ನೋಡಿದರು. ಬೆರಳ ತುದಿಯಷ್ಟು ರೊಟ್ಟಿ ಮುರಿದು, ಚಟ್ನಿ ತಾಗಿಸಿ ಬಾಯಿಗಿಟ್ಟರು.

"ನಮ್ಮ ಹುಡುಗ್ಯಾರು ಅರ್ಧ ಉಂಡು ಎದ್ದು ಹೋಗ್ತಾರ್ರೀ, ಅದs ದೊಡ್ಡ ತಲಿಬ್ಯಾನಿ. ಚಟ್ನಿಪುಡಿ ಅಂದಿದ್ರಿ, ಇದು ಪುಡಿ ಅಲ್ಲ. ವಿಚಾರ ಮಾಡಿ ಹೇಳ್ತೀನಿ."

ವಿಚಾರ ಮಾಡಿ ಹೇಳುತ್ತೇನೆ ಎಂದವರು ಯಾರೂ ಇಲ್ಲಿಯವರೆಗೆ ಹೇಳಿರಲಿಲ್ಲ. ನಿಂಬೆವ್ವನ ಕಣ್ಣು ತುಂಬಿ ಬಂತು. ಮೇಡಂ ಹೊರಗೆ ಹೋಗಿ ವಯರು ಎಳೆದರು. ಬರಲಿಲ್ಲ.

"ಇರ್ರಿ ಇರ್ರಿ! ಊಟ ಮಾಡಿಕೊಂಡು ಹೋಗ್ರಿ!"

"ಯಾರ್ರೀ ಮಾತಾಡಿದ್ದು?"

"ನಮ್ಮ ಪೆಟಗಿ ರೀ" ಎಂದ ಮುರಿಗೆಪ್ಪ. ಮೇಡಂ ಹನ್ನೊಂದು ಸಲ ಎಳೆದರು, ಪೆಟ್ಟಿಗೆ ಹನ್ನೊಂದು ಸಲ ಉಪಚಾರ ಹೇಳಿತು. ಕರೆಂಟ್ ನಿಲ್ಲುವವರೆಗೆ ಬಿಡದ ಕೊಂಡಿಯಿದ್ದ ವಯರಿನ ತುದಿ ಸ್ಕೂಟರನ್ನು ಉಡದ ಪಟ್ಟಿನಂತೆ ಕಚ್ಚಿಕೊಂಡಿತ್ತು. ಕೊನೆಗೆ ಮೇಡಂ ಸೋತು ಪಡಸಾಲೆಯಲ್ಲಿ ಕುಳಿತರು. ಹಸಿವೂ ಆಗಿತ್ತು. ನಿಂಬೆವ್ವ ರೊಟ್ಟಿ, ಚಟ್ನಿಯ ತಾಟು ಇಟ್ಟಳು.

ಗಂಡನ ಹತ್ತಿರ ಬಂದು ಪಿಸುಗುಟ್ಟಿದಳು, "ಬಂದವರನ್ನ ಕಳಸೋದು ಯಾಕ ಬರೀಲಿಲ್ಲ?"

"ನೀ ಎಲ್ಲಿ ಹೇಳಿದಿ?"

"ಎಲಿ-ಅಡಿಕಿ ಕೊಟ್ಟ ಮ್ಯಾಲೆ ಬಿಡಬೇಕು ಅಂತ ಹಸುಗೂಸಿಗೂ ಗೊತ್ತೈತಲ್ರೀ!"

ಮುರಿಗೆಪ್ಪ ಹಣೆ ಚಚ್ಚಿಕೊಂಡು ಬರೆದ. ಕೀಲಿಮಣೆಯಲ್ಲಿ ಒಮ್ಮೆ 'ಎಲೆ-ಅಡಿಕೆ' ಎಂದು ಒತ್ತಿ ಕೊಟ್ಟ. ಮಿಕ್ಸರ್ ನಿಲ್ಲಲಿಲ್ಲ!

"ಪೆಟಗಿ ಎಷ್ಟು ಸಲ ಇರ್ರಿ ಅಂದೈತೋ ಅಷ್ಟೂ ಸಲ ಕೊಡಬೇಕು. ಎಣಿಕಿ ಸೊನ್ನೆಗೆ ಬಂದ್ರನ ಮಲಗತಾವ. ನೀ ಗುಂಡಿ ಎಷ್ಟು ಸಲ ತಿರುವಿದಿ?"

"ಸಿಟ್ಟಿನಾಗ ಎಣಿಸ್ತಾರೇನ್ರೀ!"

ಮಿಕ್ಸರಿಗೆ ನಲವತ್ತಮೂರು ಎಲೆ-ಅಡಿಕೆ ಬೇಕಾಯಿತು. ರೊಟ್ಟಿ ಯಂತ್ರಕ್ಕೆ ಇಪ್ಪತ್ತೆಂಟು. ಒಂದೊಂದಕ್ಕೂ ಪೆಟ್ಟಿಗೆ ಮನೆಮಂದಿಯ ಕ್ಷೇಮವೆಲ್ಲ ವಿಚಾರಿಸಿಯೇ ಎಣಿಕೆ ಇಳಿಸುತ್ತಿತ್ತು. ಸ್ಕೂಟರಿನ ಸರದಿ ಬಂದು ವಯರು ಕಳಚಿದಾಗ ಮೂರು ಗಂಟೆ. ಮೇಡಂ ಇನ್ನೂ ತಾಟಿನ ಮುಂದೆಯೇ ಇದ್ದರು. ಎಂಟನೆಯ ರೊಟ್ಟಿಗೆ ಶೇಂಗಾ ಬೆಣ್ಣೆ ಸವರಿಕೊಳ್ಳುತ್ತಿದ್ದರು.

"ಮೇಡಂ, ಸ್ಕೂಟರ್ ಬಿಟ್ಟೈತ್ರಿ" ಎಂದಳು ನಿಂಬೆವ್ವ ಅಳುಕುತ್ತ.

"ಇರ್ರಿ, ಇದೊಂದು ಮುಗಸ್ತೀನಿ. ನಾಳಿಂದ ನಾನೂರು ರೊಟ್ಟಿ ಕಳಸ್ರಿ. ಈ ಚಟ್ನಿ ಹಿಂಗs ಇರಲಿ. ನಾನs ಎದ್ದು ಹೋಗಲಿಲ್ಲ, ಇನ್ನ ಹುಡುಗ್ಯಾರು ಎಲ್ಲಿ ಹೋಗ್ತಾರ?"

ನಿಂಬೆವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಸಂಜೆ ಮುರಿಗೆಪ್ಪ ಪೆಟ್ಟಿಗೆಯನ್ನೇ ಮಲಗಿಸಲು ಹೋದ. ಒಂದು ಎಲೆ-ಅಡಿಕೆ, ಎರಡು, ಹತ್ತು. ಅದರ ದೀಪ ಆರಲಿಲ್ಲ.

"ನನಗ ಯಾರೂ ಬೆಲ್ಲ-ನೀರು ಕೊಡಲಿಲ್ಲ, ಇರು ಅನ್ನಲಿಲ್ಲ" ಎಂದಿತು ಪೆಟ್ಟಿಗೆ. "ಬಂದೇ ಇಲ್ಲದಾಂವ ಹೋಗೋದು ಹ್ಯಾಂಗ? ನಾ ಇಲ್ಲೇ ಇರ್ತೀನಿ."

ಮುರಿಗೆಪ್ಪ ಗೂಡಿನ ಮುಂದೆ ಕುಸಿದು ಕುಳಿತ. ನಿಂಬೆವ್ವ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿ ಬೆಲ್ಲದ ಡಬ್ಬಿ ಇಟ್ಟಳು.

"ಇರಲಿ ಬಿಡ್ರಿ" ಎಂದಳು. "ನಿವೃತ್ತಿ ಆಗಿ ಮನ್ಯಾಗ ಕುಂತವರನ್ನ ಸಂಭಾಳಿಸಿ ನನಗ ರೂಢಿ ಐತಿ."